ವರ್ಲೀನಳ ಮೂರು ಕುರಿಗಳು

ಓಕ್ಲಹೋಮಾದ ನಮ್ಮ ಕಡೆ ಕುರಿ ಸಾಕುವವರಿಗೆಲ್ಲ ವರ್ಲೀನ್ ಬೇಕಾದವಳು. ಈಯುವಾಗ ಮರಿ ಅಡ್ಡ ಸಿಕ್ಕಿಕೊಂಡಿದೆ ಎಂದರೆ ಸಾಕು, ಅಂಗಿ ತೋಳು ಮಡಚಿಕೊಂಡು ಬರುತ್ತಿದ್ದಳು. ನನ್ನ ಕೊಟ್ಟಿಗೆಯಲ್ಲೇ ಹನ್ನೊಂದೋ ಹನ್ನೆರಡೋ ಮರಿ ಉಳಿಸಿಕೊಟ್ಟಿದ್ದಾಳೆ. ಮದುವೆಯಾಗಲಿಲ್ಲ, ಅಪ್ಪ ಆರ್ಲೋನ ಮಂದೆ ಕಾಯುತ್ತಲೇ ಐವತ್ತು ದಾಟಿದಳು. ನಾಲಿಗೆ ಚೂಪು, ಕೈ ಮೆದು.

ಆರ್ಲೋನ ಹತ್ತಿರ ಒಂದು ಟಗರಿತ್ತು. ಅದರ ಊದಿದಂಥ ಹಿಂದಿನ ತೊಡೆ ನೋಡಿ ಜನ ನಗುತ್ತಿದ್ದರು, ತೂಕಕ್ಕೆ ಹಾಕಿದ ಮೇಲೆ ನಗು ನಿಲ್ಲಿಸುತ್ತಿದ್ದರು. ಅದಕ್ಕೆ ಹುಟ್ಟಿದ ಮರಿಗಳಲ್ಲಿ ಅರ್ಧಕ್ಕರ್ಧ ಅಂಥವೇ. ವಿಶ್ವವಿದ್ಯಾಲಯದವರು ಬಂದು ಕುರಿಗಳ ರಕ್ತ ತೆಗೆದುಕೊಂಡು ಹೋಗಿದ್ದರು. ಆಮೇಲೆ ಟಗರು ಸತ್ತಿತು, ಅದೇ ವರ್ಷ ಆರ್ಲೋನೂ ಹೋದ. ಮನೆ, ಜಮೀನು, ಸಾದಾ ಮಂದೆ ಎಲ್ಲ ಮಗ ರೋಡೆಲ್‌ಗೆ ಸಿಕ್ಕವು. ಟಗರಿಗೆ ಹುಟ್ಟಿದ್ದ ಮೂರು ದಪ್ಪತೊಡೆಯ ಹೆಣ್ಣು ಕುರಿಗಳು ವರ್ಲೀನಳಿಗೆ. ಅವಳಿಗೆ ಅಷ್ಟೇ ಸಾಕಾಗಿತ್ತು. ಆ ಮೂರರಿಂದ ತನ್ನದೇ ಒಂದು ಮಂದೆ ಕಟ್ಟಬೇಕು ಎಂದು ಬಾಡಿಗೆ ಹೊಲ ಹಿಡಿದಳು.

ಅವನ್ನು ಒಂದು ಸಾದಾ ಟಗರಿಗೆ ಕೂಡಿಸಿದಳು. ಮಾರ್ಚಿನಲ್ಲಿ ಮೂರೂ ಅವಳಿ ಹಾಕಿದವು, ನಾಲ್ಕು ಗಂಡು, ಎರಡು ಹೆಣ್ಣು. ತಿಂಗಳು ಕಳೆಯಿತು, ಒಂದಕ್ಕೂ ತೊಡೆ ತುಂಬಲಿಲ್ಲ. ವರ್ಲೀನ್ ದಿನಾ ಬೆಳಿಗ್ಗೆ ಮರಿಗಳ ಹಿಂದೆ ಕೂತು ಒತ್ತಿ ಒತ್ತಿ ನೋಡುತ್ತಿದ್ದಳು.

"ಎಷ್ಟು ಒತ್ತಿದ್ರೂ ಊದಲ್ಲ ಕಣೇ, ಅದೇನು ಚಪಾತಿನಾ?" ಎಂದು ನಾನೇ ಛೇಡಿಸಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ಭಾನುವಾರ ರೋಡೆಲ್ ಗಂಡು ಮರಿಗಳ ಬೀಜ ಬತ್ತಿಸಲು ಕಟ್ಟುವ ರಬ್ಬರ್ ಬಳೆ, ಅದರ ಇಕ್ಕಳ ಹಿಡಿದುಕೊಂಡು ಬಂದ. "ಅಪ್ಪನ ಅದೃಷ್ಟ ಆ ಟಗರಿನ ಜೊತೇಲೇ ಹೋಯ್ತಕ್ಕ. ಸುಮ್ನೆ ಯಾಕೆ ಆಸೆ? ಎರಡು ಗಂಡಿಗೆ ಬಳೆ ಹಾಕಿಬಿಡೋಣ, ಇನ್ನೆರಡು ನಂಗೆ ಕೊಡು, ನನ್ನ ಬಡಕಲು ಕುರಿಗಳ ಜೊತೆ ಬಿಟ್ಕೋತೀನಿ. ಮಿಕ್ಕಿದ್ದೆಲ್ಲ ಹರಾಜಿಗೆ ಹೊಡಿ."

ತಮ್ಮ ತಾನಾಗಿ ಬಂದನಲ್ಲ ಎಂದು ಅವಳಿಗೆ ಸಂತೋಷವೇ ಆಯಿತು. ಮರಿಗಳನ್ನು ತೊಡೆಯ ಮೇಲೆ ಮಲಗಿಸಿ ಹಿಡಿದುಕೊಂಡಳು, ಅವನು ಎರಡಕ್ಕೆ ಬಳೆ ಹಾಕಿದ, ಇನ್ನೆರಡು ಗಂಡನ್ನು ತನ್ನ ಜೊತೆ ಒಯ್ದ. ಕಣ್ಣಿಗೆ ಕಂಡದ್ದನ್ನು ತಳಿಗೆ ಉಳಿಸುವುದು, ಕಾಣದ್ದನ್ನು ಕಳೆಯುವುದು, ನಾವೆಲ್ಲ ಮಾಡಿಕೊಂಡು ಬಂದದ್ದೇ ಅದು. ಹರಾಜಿನ ಕಟ್ಟೆಯಲ್ಲಿ ಅವಳ ಮೂರು ಕುರಿಗಳೂ ಮಿಕ್ಕ ಮರಿಗಳೂ ಮಾಂಸದ ಲಾರಿ ಹತ್ತಿದವು.

ಮುಂದಿನ ವರ್ಷ ಜಿಲ್ಲಾ ಮೇಳಕ್ಕೆ ನಾವಿಬ್ಬರೂ ಹೋದೆವು. ರೋಡೆಲ್‌ನ ದೊಡ್ಡಿಯಲ್ಲಿ ಒಂಬತ್ತು ಮರಿಗಳಿದ್ದವು, ಒಂದೊಂದರ ತೊಡೆಯೂ ಆರ್ಲೋನ ಟಗರಿನದೇ. ಕೊಳ್ಳುವವರು ಮುತ್ತಿಕೊಂಡಿದ್ದರು. ವರ್ಲೀನ್ ಬೇಲಿ ಹಿಡಿದು ನಿಂತುಬಿಟ್ಟಳು. ರಕ್ತ ತೆಗೆದುಕೊಂಡು ಹೋಗಿದ್ದ ವಿಜ್ಞಾನಿಯೂ ಅಲ್ಲಿದ್ದ. ಪಾಪ, ಅವನಿಗೆ ಏನೂ ಗೊತ್ತಿಲ್ಲ, ನಗುನಗುತ್ತಾ ಬಂದ.

"ನೋಡಿದ್ರಾ ಮೇಡಂ, ನಾವು ನಿಮಗೆ ಕಾಗದದಲ್ಲಿ ಬರೆದ ಹಾಗೇ ಆಯ್ತು! ಈ ಗುಣ ತಾಯಿಯಿಂದ ಬಂದ್ರೆ ಮರೀಲಿ ಸುಮ್ನೆ ಮಲಗಿರುತ್ತೆ. ಅಪ್ಪನಿಂದ ಬಂದ್ರೆ ಮಾತ್ರ ಎದ್ದು ಕೂರುತ್ತೆ. ಯಾರು ಕೊಟ್ರು ಅನ್ನೋ ಮುದ್ರೆ ಅದರ ಮೇಲೇ ಬಿದ್ದಿರುತ್ತೆ. ನಿಮ್ಮ ಕುರಿಗಳ ಗಂಡು ಮರಿಗಳು ನೋಡಕ್ಕೆ ಸಾದಾ, ಆದ್ರೆ ಅದರಲ್ಲಿ ಅರ್ಧ ಅದನ್ನ ಹೊತ್ಕೊಂಡೇ ಹುಟ್ಟಿರುತ್ವೆ. ಅವು ತಂದೆ ಆದಾಗ ಹೀಗೆ ಹೊರಗೆ ಬರುತ್ತೆ."

"ಯಾವಾಗ ಬರೆದ್ರಿ?" ಎಂದಳು ವರ್ಲೀನ್.

"ಹೋದ ವರ್ಷ ಫೆಬ್ರವರೀಲಿ."

ಮರಿ ಹುಟ್ಟುವುದಕ್ಕೂ ಮುಂಚೆ. ರೋಡೆಲ್‌ನ ಕೆನ್ನೆಗೆ ಬಾರಿಸಬೇಕು ಎನಿಸಿತು ನನಗೆ. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಕಾಗದ ಮನೆ ವಿಳಾಸಕ್ಕೆ ಬಂದಿತ್ತಕ್ಕ, ನಾನು ಒಡೆದೆ. ಹೇಳ್ಬೇಕು ಅಂತಾನೇ ಇದ್ದೆ. ಇದ್ರಲ್ಲಿ ನಿಂಗ್ಯಾವ್ದು ಬೇಕೋ ತಗೋ, ನಾವೇನು ಹೊರಗಿನವ್ರಾ?"

ವರ್ಲೀನ್ ಮರಿಗಳ ಕಡೆ ನೋಡಲಿಲ್ಲ. ಕೊಳ್ಳುವವರು ಓದಲಿ ಎಂದು ರೋಡೆಲ್ ಆ ಕಾಗದವನ್ನೇ ದೊಡ್ಡಿಯ ಹಲಗೆಗೆ ಮೊಳೆ ಹೊಡೆದು ತಗುಲಿಸಿದ್ದ, ಮೇಲಿನ ಅಂಚನ್ನು ಹಿಂದಕ್ಕೆ ಮಡಚಿ. ಅವಳು ಅದನ್ನು ಕಿತ್ತು ಮಡಿಕೆ ಬಿಚ್ಚಿದಳು. ಕುರಿಗಳ ಒಡತಿ ಯಾರೆಂದು ಆರ್ಲೋ ಸಾಯುವ ಮೊದಲೇ ವಿಶ್ವವಿದ್ಯಾಲಯದವರಿಗೆ ಹೇಳಿದ್ದ. ಮೊದಲ ಸಾಲಿನಲ್ಲಿ ಇದ್ದದ್ದು ವರ್ಲೀನಳ ಹೆಸರು.

ಅವಳು ಕಾಗದವನ್ನು ತಮ್ಮನ ಮುಖದ ಮುಂದೆ ಹಿಡಿದಳು. "ಇದನ್ನ ಮಡಚಿ ಇಟ್ಕೊಂಡು ನನ್ನ ಕೈಯಲ್ಲಿ ಮರಿ ಹಿಡಿಸಿದೆಯಲ್ಲೋ."