ವಸಿ ತಡ್ಕಳಿ, ನೀರು ಬತ್ತಾ ಅದೆ

“ಅಯ್ಯಯ್ಯಪ್ಪಾ, ಸತ್ತೆ!”

ಹೋದ ಭಾನುವಾರ ಬೆಳಿಗ್ಗೆ ತಿ. ನರಸೀಪುರದ ನನ್ನ ಚಿಕ್ಕಮ್ಮನ ಮನೆಯ ಬಚ್ಚಲಿನಿಂದ ಈ ಕೂಗು ಎದ್ದಿತು. ಕೂಗಿದವರು ನನ್ನ ಯಜಮಾನರು. (ಬೇರೆ ವಿಷಯಗಳಲ್ಲಿ ಧೈರ್ಯವಂತರೇ.) ಕಾವಲಿ ಮೇಲಿನ ದೋಸೆ ಬಿಟ್ಟು ಓಡಿದೆ. ಟವೆಲ್ ಸುತ್ತಿಕೊಂಡು ಹೊರಬಂದರು. ತಲೆತುಂಬಾ ಸೋಪಿನ ನೊರೆ, ಹೆಗಲೆಲ್ಲ ಕೆಂಪು.

ಆಗಿದ್ದಿಷ್ಟು. ಬಿಸಿನೀರಿನ ನಲ್ಲಿ ತಿರುಗಿಸಿದ್ದಾರೆ, ತಣ್ಣೀರು ಬಂದಿದೆ. ಇನ್ನಷ್ಟು ತಿರುಗಿಸಿದ್ದಾರೆ, ಆಗಲೂ ತಣ್ಣೀರೇ. ಸಿಟ್ಟು ಬಂದು ಪೂರ್ತಿ ತಿರುಗಿಸಿ ಶವರ್ ಕೆಳಗೆ ನಿಂತಿದ್ದಾರೆ. ಮಹಡಿಯ ಮೇಲಿನ ಸೋಲಾರ್‌ನಿಂದ ಆಗಲೇ ಹೊರಟಿದ್ದ ಬಿಸಿನೀರು ಅಷ್ಟೂ ಆ ಗಳಿಗೆಯಲ್ಲಿ ಬಂದು ಇಳಿದಿದೆ.

“ವಸಿ ತಡ್ಕಬಾರ್ದಾ ಅಳಿಯಂದ್ರೇ? ನೀರು ಮ್ಯಾಲಿಂದ ಇಳ್ದು ಬರ್ಬೇಕಲ್ವಾ?” ಎಂದರು ಚಿಕ್ಕಮ್ಮ, ನಗು ಬಾಯೊಳಗೇ ಇಟ್ಟುಕೊಂಡು. ಆಮೇಲೆ ನನ್ನ ಕಡೆ ತಿರುಗಿ, “ಮೊದ್ಲು ಇಂಗಿರ್ನಿಲ್ಲ ಕಣವ್ವ. ಸೋಲಾರ್ನ ಆ ತುದೀಗ್ ಆಕ್ಸಿದ್ಮೇಲೆ ಇಂಗಾಗದೆ” ಎಂದರು.

ಹೆಗಲಿಗೆ ಮುಲಾಮು ಹಚ್ಚುತ್ತಿದ್ದವಳ ಕೈ ಅಲ್ಲೇ ನಿಂತಿತು. ಕ್ಷಮಿಸಿ, ಆಗ ನನ್ನ ತಲೆಯಲ್ಲಿದ್ದುದು ಗಂಡನ ಹೆಗಲಲ್ಲ. ಸಿದ್ದರಾಜು.

ಸಿದ್ದರಾಜು ಯಾರೆಂದು ಹೇಳಬೇಕು. ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ, ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಮಿಕಲ್ ಇಂಜಿನಿಯರ್. (ಅಂಕಣ ಬರೆದು ಹೊಟ್ಟೆ ತುಂಬುವುದಿಲ್ಲ. ಸಂಪಾದಕರು ಓದಲೆಂದೇ ಈ ವಾಕ್ಯ.) ನಮ್ಮಲ್ಲಿ ಯಂತ್ರಗಳನ್ನು ತೊಳೆದ ಹುಳಿ ನೀರು ಒಂದು ದೊಡ್ಡ ತೊಟ್ಟಿಗೆ ಬರುತ್ತದೆ. ಅದಕ್ಕೆ ಸುಣ್ಣದ ನೀರು ಬಿಟ್ಟು ಹದ ಮಾಡಬೇಕು. ಪಿಎಚ್ ಏಳರ ಆಸುಪಾಸಿಗೆ ಬಂದರೆ ನೀರು ಮುಂದಕ್ಕೆ. ಬರಲಿಲ್ಲವೋ, ಗೇಟು ಬಂದ್, ತೊಟ್ಟಿ ಭರ್ತಿ, ಪ್ಲಾಂಟ್ ಸ್ಟಾಪ್. ತೊಟ್ಟಿಯಲ್ಲಿ ಮುಳುಗಿರುವ ಬೆರಳುದ್ದದ ಗಾಜಿನ ಪ್ರೋಬ್ ಹುಳಿ ಎಷ್ಟೆಂದು ನೋಡಿ ಹೇಳುತ್ತದೆ. ಅದನ್ನು ಕೇಳಿಕೊಂಡು ಸುಣ್ಣದ ವಾಲ್ವ್ ತಾನೇ ತೆರೆದು ಮುಚ್ಚಬೇಕು. ಇದಕ್ಕೆ ಆಟೋ ಎನ್ನುತ್ತೇವೆ.

ಈಚೆಗೆ ಆಟೋ ಹುಚ್ಚು ಕುದುರೆಯಂತಾಗಿತ್ತು. ಪಿಎಚ್ ಒಮ್ಮೆ ಪಾತಾಳ, ಒಮ್ಮೆ ಆಕಾಶ. ಅದನ್ನು ಮ್ಯಾನ್ಯುಯಲ್‌ಗೆ ಹಾಕಿ ವಾಲ್ವನ್ನು ಆಪರೇಟರ್‌ಗಳ ಕೈಗೆ ಕೊಟ್ಟರು. ಬೆಳಗಿನ ಪಾಳಿಯವನು ಸಿದ್ದರಾಜು. ಬಿಳಿಗೆರೆ ಕಡೆಯವನು, ಗುತ್ತಿಗೆ ನೌಕರ. ತೊಳೆದ ಹುಳಿ ನೀರು ಹೆಚ್ಚಾಗಿ ನುಗ್ಗುವುದೂ ಬೆಳಗಿನ ಪಾಳಿಯಲ್ಲೇ. ಅವನ ಪಾಳಿಯಲ್ಲಿ ಪ್ಲಾಂಟ್ ಮತ್ತೆ ಮತ್ತೆ ನಿಂತಿತು.

ಮ್ಯಾನೇಜರ್ ತೀರ್ಪು ಕೊಟ್ಟೇಬಿಟ್ಟರು. “ಅವನ ಕೈ ಸರಿ ಇಲ್ಲ ಮೇಡಂ. ಮುಂದಿನ ತಿಂಗಳಿಂದ ಬೇಡ ಅಂತ ಕಂಟ್ರಾಕ್ಟರ್‌ಗೆ ಹೇಳ್ತೀನಿ.”

ಆಟೋ ಬರುವ ಮೊದಲು ವರ್ಷಗಟ್ಟಲೆ ಅದೇ ವಾಲ್ವ್ ತಿರುಗಿಸಿದ್ದ ಕೈ ಈಗ ಏಕಾಏಕಿ ಕೆಟ್ಟಿತೇ? ನನಗೆ ಮೈ ಉರಿಯಿತು. “ನನಗೊಂದು ವಾರ ಕೊಡಿ ಸಾರ್” ಎಂದೆ. ಕೊಟ್ಟರು, ಬಸ್ಸಿನಲ್ಲಿ ಅರ್ಧ ಸೀಟು ಬಿಟ್ಟುಕೊಡುವ ಮುಖ ಮಾಡಿಕೊಂಡು.

ಸಿದ್ದರಾಜುವಿನ ಪಕ್ಕ ನಿಂತು ನೋಡಿದೆ. ಅವನ ಮುಖ ಬಾಡಿಹೋಗಿತ್ತು.

“ಏನ್ ಮಾಡ್ಲಿ ಮೇಡಂ? ವಸಿ ತಿರುಗಿಸ್ತೀನಿ, ನಂಬರು ಅಳ್ಳಾಡಾಕಿಲ್ಲ. ಇನ್ನೊಸಿ ತಿರುಗಿಸ್ತೀನಿ, ಆಗ್ಲೂ ಇಲ್ಲ. ಮತ್ತೊಸಿ ಅಂದ್ರೆ ಒಂದೇ ಏಟ್ಗೆ ಎದ್ದು ಓಯ್ತದೆ. ನನ್ ಕೈಯೇ ಕೆಟ್ಟೋಯ್ತಾ ಅಂತ ನಂಗೇ ಅನುಮಾನ ಬಂದ್ಬಿಟ್ಟದೆ.”

ನೋಡಿ, ಕೆಲಸ ಹೋಗುವುದು ಒಂದು ಕಷ್ಟ. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಗುವುದು ಅದಕ್ಕಿಂತ ದೊಡ್ಡ ಕಷ್ಟ. ಅವನು ಹಾಗೆ ಅಂದಾಗ ನನಗೆ ನಿಜವಾಗಿ ಸಂಕಟವಾಯಿತು. ಆವತ್ತೇ ಹಟ ಹಿಡಿದೆ. ವಾಲ್ವ್ ಬಿಚ್ಚಿಸಿದೆ, ಸರಿ ಇತ್ತು. ಪಂಪ್ ನೋಡಿದೆ, ಸರಿ ಇತ್ತು. ಮತ್ತೆ ಆಟೋಗೆ ಹಾಕಿ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸಿದೆ, ಇನ್ನಷ್ಟು ಕೆಟ್ಟಿತು. ಮ್ಯಾನೇಜರ್ ಬಾಗಿಲಲ್ಲಿ ಇಣುಕಿ, “ಆಯ್ತಾ ರಿಸರ್ಚು?” ಎಂದು ಕೇಳಿ ಹೋದರು.

ಭಾನುವಾರ ಗಂಡನ ಹೆಗಲು ಸುಟ್ಟಿದ್ದು ಆಗ. ಅವರ ಕೈ ಕೆಟ್ಟಿತ್ತೇ? ಇಲ್ಲ. ನಲ್ಲಿ ಕೆಟ್ಟಿತ್ತೇ? ಅದೂ ಇಲ್ಲ. ನಲ್ಲಿ ತಿರುಗಿಸಿದ್ದಕ್ಕೂ ನೀರು ಮೈಗೆ ತಾಗಿದ್ದಕ್ಕೂ ನಡುವೆ ಒಂದು ತಡ ಕೂತಿತ್ತು. ನನ್ನ ಇಡೀ ಓದು ಈ ತಡದ ಬಗ್ಗೆಯೇ. ಸುದ್ದಿ ತಡವಾಗಿ ಬಂದರೆ ಎಂಥ ಜಾಣನೂ ವಿಪರೀತ ಮಾಡುತ್ತಾನೆ, ಮನುಷ್ಯನಾಗಲಿ ಕಂಪ್ಯೂಟರ್ ಆಗಲಿ.

ನಾವು ಮಾಡುವುದೂ ಇದನ್ನೇ ಅಲ್ಲವೇ? ಮಾತ್ರೆ ನುಂಗಿ ಕಾಫಿ ಕುಡಿಯುವಷ್ಟರಲ್ಲಿ ಜ್ವರ ಬಿಡಲಿಲ್ಲವೆಂದು ಇನ್ನೊಬ್ಬ ಡಾಕ್ಟರ ಹತ್ತಿರ ಓಡುತ್ತೇವೆ. ಟ್ಯೂಷನ್‌ಗೆ ಹಾಕಿದ ತಿಂಗಳೊಪ್ಪತ್ತಿನಲ್ಲಿ ಮಾರ್ಕ್ಸ್ ಏರಲಿಲ್ಲವೆಂದು ಮಗುವಿಗೆ ಎರಡನೇ ಟ್ಯೂಷನ್. ಎಲ್ಲ ಕಡೆಯೂ ಇನ್ನೊಸಿ, ಮತ್ತೊಸಿ.

ಸೋಮವಾರ ಗೇಟು ದಾಟಿದವಳೇ ಕೇಳಿದೆ. “ಸಿದ್ದರಾಜು, ಸರಿಯಾಗಿ ಜ್ಞಾಪಿಸ್ಕೊ. ಯಾವಾಗಿಂದ ಹೀಗೆ?”

ತಲೆ ಕೆರೆದುಕೊಂಡ. “ಅಬ್ಬ ಆದ್ಮೇಲೆ ಮೇಡಂ.”

ಹಬ್ಬ ಎಂದರೆ ಆಯುಧಪೂಜೆ. ಆವತ್ತು ಪ್ಲಾಂಟ್ ನಿಲ್ಲಿಸಿ, ತೊಳೆದು, ಪಂಪಿನಿಂದ ಹಿಡಿದು ಫೋರ್ಕ್‌ಲಿಫ್ಟ್‌ವರೆಗೆ ಎಲ್ಲಕ್ಕೂ ಹೂವು. ಸ್ಪ್ಯಾನರ್, ಗೇಜು, ಮೀಟರ್, ತೊಟ್ಟಿಯ ಸುದ್ದಿ ಹೇಳುವ ಪ್ರೋಬ್, ಎಲ್ಲ ಮೇಜಿನ ಮೇಲೆ ಸಾಲಾಗಿ ಕೂತು ಪೂಜೆ ಮಾಡಿಸಿಕೊಂಡಿದ್ದವು.

“ಪ್ರೋಬ್ ಹೊರಗೆ ತೆಗಿ” ಎಂದೆ.

ತೆಗೆದ. ಗಾಜಿನ ತುದಿ ಕಾಣಿಸಲೇ ಇಲ್ಲ. ಅದರ ಮೇಲೆ ಬೂದು ಬಣ್ಣದ ಹೆಕ್ಕಳ. ಉಗುರಿನಲ್ಲಿ ಮೆಲ್ಲಗೆ ಮುಟ್ಟಿದೆ, ಕಲ್ಲಿನಂತಿತ್ತು.

ಸಿದ್ದರಾಜು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ಅಯ್ಯೋ ಶಿವನೇ! ನಾನೇ ಮೇಡಂ... ನಾನೇ ಬಳ್ದಿದ್ದು. ಇಡೀ ತೊಟ್ಟೀಗೆ ಇದೇ ಕಣ್ಣಲ್ವಾ ಅಂತ ಗಂಧದಲ್ಲಿ ಇಬೂತಿ ಕಲಸಿ ಮೂರು ಗೆರೆ ಎಳ್ದೆ.”

“ವಾಪಸ್ ಹಾಕುವಾಗ ತೊಳೀಲಿಲ್ವಾ?”

“ಇಟ್ಟಿರೋ ಇಬೂತಿ ಅಳಿಸ್ತಾರಾ ಮೇಡಂ?”

ನಂಜುಂಡೇಶ್ವರನ ಊರಿನಲ್ಲಿ ನಿಂತು ವಿಭೂತಿ ಯಾಕೆ ಅಳಿಸಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ. ವಿಭೂತಿ, ಗಂಧ, ಅದರ ಮೇಲೆ ತೊಟ್ಟಿಯ ಸುಣ್ಣ ಹತ್ತಿಕೊಂಡು ಕಣ್ಣಿಗೆ ಪೊರೆ ಬಂದಿತ್ತು. ಕುರುಡಾಗಿರಲಿಲ್ಲ, ಕಾಣಿಸುವುದು ನಿಧಾನವಾಗಿತ್ತು. ಲ್ಯಾಬಿನಿಂದ ಸರಿಯಾಗಿ ಏಳು ಪಿಎಚ್‌ನ ದ್ರಾವಣ ತರಿಸಿ ಅದರಲ್ಲಿ ಅದ್ದಿದೆ. ಥಟ್ಟನೆ ಏಳು ತೋರಿಸಬೇಕಾದ ನಂಬರು, ಗದ್ದೆಯಿಂದ ಮನೆಗೆ ಬರುವ ಎಮ್ಮೆಯ ಹಾಗೆ ಅತ್ತಿತ್ತ ನೋಡಿಕೊಂಡು ಬಂತು.

ಅಷ್ಟರಲ್ಲಿ ಮ್ಯಾನೇಜರ್ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡರು. ಮುಖ ಅರಳಿತು.

“ನೋಡಿದ್ರಾ ಮೇಡಂ? ಕೊನೆಗೂ ಇವನದೇ ಕೆಲಸ! ನಾನು ಹೇಳ್ಲಿಲ್ವಾ?”

ಸಿದ್ದರಾಜು ನೆಲ ನೋಡುತ್ತಿದ್ದ. ನನಗೆ ಸುಮ್ಮನಿರಲು ಆಗಲಿಲ್ಲ.

“ಗೆರೆ ಎಳೆದದ್ದು ಅವನು ಸಾರ್. ಆ ಮೇಜಿಗೆ ಮಂಗಳಾರತಿ ಎತ್ತಿದ್ದು ಯಾರು?”

ಸಾಹೇಬರು ಕೆಮ್ಮಿದರು. ರೇಷ್ಮೆ ಪಂಚೆಯುಟ್ಟು ಗಂಟೆ ಅಲ್ಲಾಡಿಸುತ್ತಾ ಆ ಮೂರು ಗೆರೆಯ ಪ್ರೋಬಿಗೇ ಆರತಿ ಬೆಳಗಿದವರು ಅವರೇ. ಕೈಮುಗಿದು ನಿಂತವರಲ್ಲಿ ನಾನೂ ಇದ್ದೆ, ಕಡ್ಲೆಪುರಿಯನ್ನೂ ತಿಂದಿದ್ದೆ. ಯಾರ ತಲೆಗೂ ಹೊಳೆದಿರಲಿಲ್ಲ.

“ಇವನನ್ನು ಕಳಿಸೋದಾದ್ರೆ ಆವತ್ತು ಪ್ರಸಾದ ತಿಂದವರನ್ನೆಲ್ಲ ಕಳಿಸಿ ಸಾರ್. ನನ್ನಿಂದಲೇ ಶುರು ಮಾಡಿ” ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು. ಇರಲಿ ಬಿಡಿ.

ಪ್ರೋಬನ್ನು ತೆಳು ಆಸಿಡ್‌ನಲ್ಲಿ ನೆನೆಸಿಟ್ಟೆವು. ಪೊರೆ ಬಿಟ್ಟಿತು, ಗಾಜು ಹೊಳೆಯಿತು. ತೊಟ್ಟಿಗೆ ಇಳಿಸಿ, ಹಳೆಯ ಸೆಟ್ಟಿಂಗ್ ವಾಪಸ್ ಹಾಕಿ, ಆಟೋಗೆ ಕೊಟ್ಟೆ. ಅಷ್ಟರಲ್ಲಿ ಹುಳಿ ನೀರು ಧುಮುಕಿತು. ನಂಬರು ಇಳಿಯಿತು. ಅಭ್ಯಾಸ ಬಲ, ಸಿದ್ದರಾಜುವಿನ ಕೈ ವಾಲ್ವ್ ಕಡೆ ಹೋಯಿತು.

“ವಸಿ ತಡಿ” ಎಂದೆ.

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ವಾಲ್ವ್ ತಾನೇ ವಸಿ ತೆರೆಯಿತು, ತಾನೇ ವಸಿ ಮುಚ್ಚಿತು. ನಂಬರು ಮೆಲ್ಲಗೆ ಏಳಕ್ಕೆ ಬಂದು ಕೂತಿತು, ಅಲ್ಲಾಡಲಿಲ್ಲ. ಅವನು ತನ್ನ ಕೈಗಳನ್ನು ಮುಂದೆ ತಂದು ಒಮ್ಮೆ ತಿರುಗಿಸಿ ನೋಡಿಕೊಂಡ. ನನ್ನ ಕಣ್ಣು ತುಂಬಿತು. (ಸುಣ್ಣದ ಘಾಟು ಎಂದು ಹೇಳಿ ತಪ್ಪಿಸಿಕೊಂಡೆ.)

“ಮುಂದಿನ್ ಅಬ್ಬಕ್ಕೆ ಗೆರೆ ಎಲ್ಗೆ ಎಳೀಲಿ ಮೇಡಂ?” ಎಂದ.

“ಪ್ರೋಬಿನ ಡಬ್ಬಕ್ಕೆ ಎಳಿ. ಎಷ್ಟು ಬೇಕಾದ್ರೂ ಎಳಿ.”

ಮ್ಯಾನೇಜರ್ ಇನ್ನೂ ಅಲ್ಲೇ ನಿಂತಿದ್ದರು. ಪ್ಲಾಂಟ್ ಓಡುತ್ತಿದೆ ಎಂಬ ಖುಷಿಗಿಂತ ಹಿಡಿದ ಕಳ್ಳ ಕೈತಪ್ಪಿದ ಬೇಸರವೇ ಅವರಿಗೆ ಹೆಚ್ಚಿದ್ದ ಹಾಗಿತ್ತು.

“ಅಲ್ಲ ಮೇಡಂ, ಹಾಗಾದ್ರೆ ತಪ್ಪು ಯಾರದು?”

“ತಡದ್ದು ಸಾರ್.”

“ತಡಕ್ಕೆ ಮೆಮೊ ಕೊಡೋಕಾಗುತ್ತೇನ್ರೀ?”

“ಆಗಲ್ಲ ಸಾರ್. ಅದಕ್ಕೇ ಅಲ್ವಾ ಎಲ್ಲರೂ ಸಿದ್ದರಾಜುಗೆ ಕೊಡೋದು?”