ಹುಣಸೆಮರ ನುಂಗಿದ ಮೊಳೆ

ಪಿಳ್ಳಣ್ಣನ ಕಿವಿ ಇತ್ತಲ್ಲ, ಅಂಥ ಕಿವಿ ದೇವನಹಳ್ಳಿ ಸೀಮೆಯಲ್ಲೇ ಇನ್ನೊಬ್ಬನಿಗೆ ಇರಲಿಲ್ಲ ಬಿಡಿ. ಯುದ್ಧದ ಕಾಲ ಅದು. ಸೈನ್ಯಕ್ಕೆ ಗಟ್ಟಿ ಮರ ಬೇಕು ಅಂತ ಸಾಹುಕಾರನೊಬ್ಬ ಗರಗಸದ ಮಿಷನ್ನನ್ನು ಎರಡು ಎತ್ತಿನಗಾಡಿಗೆ ಹೇರಿ ಊರೂರು ತಿರುಗಿಸುತ್ತಿದ್ದ. ಒಂದರಲ್ಲಿ ಎಣ್ಣೆ ಇಂಜಿನ್ನು, ಇನ್ನೊಂದರಲ್ಲಿ ಮೇಜು, ಬೆಲ್ಟು, ದುಂಡು ಗರಗಸ. ಅದಕ್ಕೆಲ್ಲ ಮೇಸ್ತ್ರಿ ಪಿಳ್ಳಣ್ಣ. ಬೆಲ್ಟು ಜಾರಿದರೆ ರಾಳದ ಪುಡಿ ಉದುರಿಸುವನು. ಗರಗಸ ಓಲಾಡಿದರೆ ಸದ್ದಿನಲ್ಲೇ ಕಂಡುಹಿಡಿದು, "ಕಾದ್ಬಿಟ್ಟೈತೆ ಕಣ್ರೋ, ನಿಲ್ಸಿ, ತಣ್ಣಗಾಗ್ಲಿ" ಎಂದು ದೂರದಿಂದಲೇ ಕೂಗುವನು. ಹಲಗೆ ಸೊಟ್ಟಗೆ ಬಂದರೆ ಅರ ಹಿಡಿದು ಕೂತು ಹಲ್ಲುಗಳನ್ನು ಸರಿ ಮಾಡುವನು, ಒಂದು ಎಡಕ್ಕೆ, ಒಂದು ಬಲಕ್ಕೆ. ಆ ಹೊತ್ತಿನಲ್ಲಿ ಮಾತಾಡಿಸಿದರೆ ಬೈಗುಳವೇ ಪ್ರಸಾದ.

ಅವನಿಗೆ ಭಯ ಅಂತ ಇದ್ದದ್ದು ಮೊಳೆಯದೊಂದೇ. ನಮ್ಮ ಕಡೆ ದೆವ್ವ ಬಿಡಿಸಿದರೆ, ಮೈಮೇಲೆ ಬಂದವರ ತಲೆಗೂದಲು ಸುತ್ತಿ ಹುಣಸೆಮರಕ್ಕೆ ಮೊಳೆ ಹೊಡೆಯೋದುಂಟು. ಕಿತ್ತರೆ ದೆವ್ವ ವಾಪಸ್ಸು ಬರುತ್ತೆ ಅಂತ ನಂಬಿಕೆ. ಹಾಗಾಗಿ ದಿಮ್ಮಿ ಮಿಷನ್ನಿಗೆ ಏರುವ ಮೊದಲು ಪಿಳ್ಳಣ್ಣ ಊರವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದ: "ಮೊಳೆ ಹೊಡ್ದಿರೋ ಮರ ಏನ್ರಪ್ಪಾ? ಮುಚ್ಚಿಡಬ್ಯಾಡಿ, ಹಲ್ಲು ಮುರಿದು ಹಾರಿದ್ರೆ ಹೆಣ ಬೀಳ್ತದೆ."

ನಲವತ್ತನಾಲ್ಕರ ಬೇಸಿಗೆಯಲ್ಲಿ ಮಿಷನ್ನು ಅವನ ಸ್ವಂತ ಊರಿಗೇ ಬಂತು. ಕೆರೆ ಏರಿ ಕೆಳಗಿನ ಹುಣಸೆಮರ ಉರುಳಿತು. ಅವತ್ತು ಪಿಳ್ಳಣ್ಣ ಯಾರನ್ನೂ ಕೇಳಲಿಲ್ಲ.

ಯಾಕೆ ಕೇಳ್ತಾನೆ? ಆ ಮರಕ್ಕೆ ಮೊಳೆ ಹೊಡೆಸಿದವನೇ ಅವನು! ಹನ್ನೆರಡು ವರ್ಷದ ಹಿಂದೆ, ಒಬ್ಬಳೇ ಮಗಳು ಮುನಿರತ್ನಮ್ಮ ಒಂಬತ್ತರ ಕೂಸಾಗಿದ್ದಾಗ ಜ್ವರ ಏರಿ ಏನೇನೋ ಬಡಬಡಿಸಿದ್ದಳು. ಮಂತ್ರ ಹಾಕುವವನನ್ನು ಕರೆತಂದು ಯಾರಿಗೂ ತಿಳಿಯದಂತೆ ಕೆಲಸ ಮುಗಿಸಿದ್ದ. ಸುದ್ದಿ ಹಬ್ಬಿದರೆ ನಾಳೆ ಗಂಡು ಸಿಗಬೇಕಲ್ಲ. ಈಗ ಅವಳ ಗಂಡ ಕೊಂಡಪ್ಪ ಇದೇ ಮಿಷನ್ನಿನಲ್ಲಿ ದಿಮ್ಮಿ ತಳ್ಳುವವನು. ಬೇರೆ ಊರಿನವನು, ನಗುಮೊಗದವನು, ಮಾವ ಹಾಕಿದ ಗೆರೆ ದಾಟದವನು. ಅವನಿಗೂ ಈ ವಿಷಯ ಗೊತ್ತಿಲ್ಲ. ಬಾಯಿಬಿಟ್ಟರೆ ಮೊಳೆ ಕೀಳಬೇಕು. ಕಿತ್ತಮೇಲೆ ಮಗಳ ಮೈಗೆ ಅದು ಮತ್ತೆ ಬಂದರೆ? ಗಂಡನ ಮನೆಯವರು ಅವಳನ್ನು ತಂದು ಬಿಟ್ಟುಹೋದರೆ?

ಪಿಳ್ಳಣ್ಣ ಮನಸ್ಸಲ್ಲೇ ಅಂದಾಜು ಹಾಕಿದ. ಹೊಡೆದಾಗ ಮೊಳೆ ತನ್ನ ಎದೆಮಟ್ಟಕ್ಕಿತ್ತು. ಹನ್ನೆರಡು ವರ್ಷದಲ್ಲಿ ಮಗಳೇ ಅಷ್ಟುದ್ದ ಬೆಳೆದಳು, ಮರ ಬೆಳೆದಿರಲ್ವಾ? ಮರದ ಜೊತೆ ಮೊಳೆಯೂ ಆಳೆತ್ತರ ದಾಟಿ ಮೇಲೆ ಹೋಗಿರುತ್ತೆ. ಆಳೆತ್ತರದಿಂದ ಮೇಲಿನದನ್ನು "ಪೊಳ್ಳೈತೆ, ಸೌದೆಗೆ ಹಾಕಿ" ಎಂದು ಕಡಿಸಿ ಪಕ್ಕಕ್ಕೆ ಉರುಳಿಸಿದ. ಬುಡದ ತುಂಡನ್ನು ಮಿಷನ್ನಿಗೆ ಏರಿಸಿದ.

ಅಯ್ಯೋ ಪೆದ್ದಾ! ಮರ ಉದ್ದ ಬೆಳೆಯೋದು ತುದಿಯಲ್ಲಿ. ಬೊಡ್ಡೆಗೆ ಹೊಡೆದ ಮೊಳೆ ಹೊಡೆದಲ್ಲೇ ಇರುತ್ತೆ, ಮರ ದಪ್ಪವಾಗುತ್ತಾ ಅದನ್ನು ಒಳಗೆ ಎಳೆದುಕೊಳ್ಳುತ್ತೆ. ಜೀವಮಾನವೆಲ್ಲ ಮರ ಕುಯ್ದವನಿಗೆ ಇಷ್ಟು ಹೊಳೆಯದೆ ಹೋಯಿತೇ? ಮಗಳ ವಿಷಯಕ್ಕೆ ಬಂದಾಗ ಬುದ್ಧಿಗೆ ಮಂಕು ಕವಿದಿತ್ತು.

ಗರಗಸ ಅರ್ಧ ದಿಮ್ಮಿ ಸೀಳಿತ್ತು. ಸದ್ದು ಬದಲಾದದ್ದು ಮೊದಲು ಬಿದ್ದದ್ದು ಅವನ ಕಿವಿಗೇ. "ಕೊಂಡಪ್ಪಾ, ಬಿಡೋ!" ಅನ್ನುವಷ್ಟರಲ್ಲಿ ಹಲ್ಲು ಮುರಿದು ಹಾರಿ ಕೊಂಡಪ್ಪನ ಕುತ್ತಿಗೆಗೆ ಹೊಕ್ಕಿತು. ಹತ್ತಿರದ ವಿಜಯಪುರದ ಆಸ್ಪತ್ರೆಗೆ ಅಂತ ಗಾಡಿ ಹೂಡಿದರು. ಊರ ಗಡಿ ದಾಟುವುದರೊಳಗೆ, ಮಾವನ ತೊಡೆಯ ಮೇಲೇ, ಆ ಹುಡುಗನ ಜೀವ ಹೋಯಿತು.

ತಿಥಿ ಮುಗಿದ ಮಾರನೆಯ ದಿನ ಮುನಿರತ್ನಮ್ಮ ತವರಿನ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು. ದಿಮ್ಮಿಯೊಳಗೆ ಮೊಳೆ ಸಿಕ್ಕ ಸುದ್ದಿ ಅವಳಿಗೂ ಮುಟ್ಟಿತ್ತು. ಪಿಳ್ಳಣ್ಣ ಹತ್ತಿರ ಬಂದ.

"ನಂಗೆ ನೆನಪೈತೆ ಅಪ್ಪಾ. ಆ ಮೊಳೆ ನಂದೇ. ನನ್ನ ಹಿಡ್ದಿದ್ದು ಬಿಡಿಸ್ಕೊಂಡು ಬಂದು ಅವ್ರನ್ನ ತಿನ್ಕೊಂಬಿಡ್ತು. ನನ್ನಿಂದ್ಲೇ ಹೋದ್ರು."

ಪಿಳ್ಳಣ್ಣ ಅವಳ ಕಾಲ ಬಳಿ ಕುಸಿದ. "ಇಲ್ಲ ಕಣವ್ವಾ! ದೆವ್ವಾನೂ ಇಲ್ಲ, ಗಾಳೀನೂ ಇಲ್ಲ. ಮೊಳೆ ಇರೋದು ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ನಿನ್ ಗಂಡನ್ನ ಕೊಂದೋನು ನಾನು ಕಣವ್ವಾ." ಎದೆ ಬಡಿದುಕೊಂಡು ಅತ್ತ.

ಮಗಳು ಸೆರಗಿನಿಂದ ಅವನ ಕಣ್ಣು ಒರೆಸಿದಳು.

"ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀಯಲ್ಲಪ್ಪಾ. ನಿನ್ನಂಥ ಅಪ್ಪ ಯಾರಿಗೆ ಸಿಕ್ತಾನೆ? ಏಳು, ನನ್ನಿಂದ ಒಂದಿಷ್ಟು ದೂರ ಕೂತ್ಕೋ. ನಿಂಗೂ ಏನಾದ್ರೂ ಆದೀತು."