ಮುಷ್ಟಿ ಮಡಿಸುವ ಹೊತ್ತು

ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ದಾರ ಕಟ್ಟಿದ ಒಂದು ಪೆನ್ಸಿಲ್ಲು ನೇತಾಡುತ್ತಿರುತ್ತದೆ. ಹಳೆಯ ಸೀರೆಯ ಅಂಚನ್ನು ಸುತ್ತಿ ಸುತ್ತಿ ಅದನ್ನು ಎಳೆ ಬದನೆಕಾಯಿಯಷ್ಟು ದಪ್ಪ ಮಾಡಿಕೊಂಡಿದ್ದೇನೆ; ಪೆನ್ಸಿಲ್ಲಿಗೇನು ಥಂಡಿ ಹತ್ತಿತೇ ಎಂದು ಬಂದವರು ನಗುವುದುಂಟು. ಅದರಿಂದ ನಾನು ದಿನಾ ಬೆಳಿಗ್ಗೆ ತಾರೀಖಿನ ಚೌಕದೊಳಗೆ ನನ್ನದೊಂದು ಅಂಕಿ ಬರೆಯುತ್ತೇನೆ: ಎದ್ದ ಗಳಿಗೆಯಿಂದ ನನ್ನ ಎರಡೂ ಕೈ ಮುಷ್ಟಿಯಾಗಿ ಪೂರ್ತಿ ಮಡಿಯುವ ತನಕ ಹಿಡಿದ ನಿಮಿಷಗಳು.

ಮುಷ್ಟಿ ಮಡಿಸುವುದೂ ಒಂದು ಕೆಲಸವೆಂದು ನಿಮಗೆ ಅನ್ನಿಸಿರಲಿಕ್ಕಿಲ್ಲ. ಐವತ್ತೊಂದರ ತನಕ ನನಗೂ ಅನ್ನಿಸಿರಲಿಲ್ಲ. ಆಮೇಲೆ ಸಂಧಿವಾತ ಬಂತು. ಹೇಳದೆ ಕೇಳದೆ ಬಂದು ಒಳಕೋಣೆಯನ್ನೇ ಹಿಡಿದು ಕುಳಿತ ನೆಂಟರಂತೆ ಗೆಣ್ಣುಗೆಣ್ಣಿನಲ್ಲೂ ಹಾಸಿಗೆ ಹಾಸಿತು. ನಲ್ಲಿ, ಡಬ್ಬಿಯ ಮುಚ್ಚಳ, ಕುಪ್ಪಸದ ಗುಂಡಿ, ಬಾಗಿಲ ಚಿಲಕ, ಇಷ್ಟು ವರ್ಷ ನನ್ನ ಮಾತು ಕೇಳಿಕೊಂಡಿದ್ದ ಇವೆಲ್ಲ ಒಂದೇ ಚಳಿಗಾಲದಲ್ಲಿ ಒಟ್ಟಾಗಿ ತಿರುಗಿಬಿದ್ದವು. ಡಾಕ್ಟರ ಗುಳಿಗೆಯಿಂದ ಬಾವು ಇಳಿಯಿತು, ಬಿಗಿತ ಮಾತ್ರ ಉಳಿಯಿತು. ಗುಳಿಗೆ ಬಿಡಬೇಡಿ, ಜೊತೆಗೆ ಫಿಜಿಯೋಥೆರಪಿಗೂ ಹೋಗಿ ಎಂದರು ಅವರು. ಹಾಗೆ ಗುರುವಾರಕ್ಕೊಮ್ಮೆ ರಾಣೆಬೆನ್ನೂರಿನಿಂದ ಹಾವೇರಿಯ ಬಸ್ಸು ಹತ್ತುವುದು ಶುರುವಾಯಿತು.

ಅಲ್ಲಿನ ಶಿಲ್ಪಾ ಮೇಡಂ ನನ್ನ ಮಗಳ ವಯಸ್ಸಿನವಳು. ಉಗುರುಬೆಚ್ಚನೆಯ ನೀರಿನಲ್ಲಿ ಕೈ ಅದ್ದಿಸಿ, ಬೆರಳುಗಳನ್ನು ಕೊಕ್ಕೆಯಂತೆ ಬಗ್ಗಿಸಿ, ಮತ್ತೆ ನೆಟ್ಟಗೆ ಚಾಚಿಸಿ, ಮೆತ್ತನೆಯ ಹಸಿರು ಮುದ್ದೆಯೊಂದನ್ನು ಮೆಲ್ಲಗೆ ಹಿಚುಕಿಸುತ್ತಿದ್ದಳು. ಹೇಳಿದ್ದಕ್ಕಿಂತ ಒಂದು ಮುಷ್ಟಿ ಹೆಚ್ಚೇ ಮಾಡುವ ಚಾಳಿ ನನ್ನದು. ಮೊದಲ ವಾರ ಧಾರಾವಾಹಿ ನೋಡುತ್ತ ತಾಸುಗಟ್ಟಲೆ ಆ ಮುದ್ದೆಯನ್ನು ಹಿಚುಕಿ, ಮಾರನೆಯ ದಿನ ನೀರಿನ ಲೋಟವನ್ನೂ ಎತ್ತದಾದೆ. ಅವಳು ಬೈಯಲಿಲ್ಲ, ನನ್ನ ಮಣಿಕಟ್ಟು ಹಿಡಿದು ಹೇಳಿದಳು: “ನೋವು ಬಂದ ಮ್ಯಾಲ ನಿಲ್ಲಸೂದಲ್ರಿ ಆಂಟಿ, ಬರೂಕಿಂತ ಮೊದಲ ನಿಲ್ಲಸ್ರಿ. ಬೆರಳಿಗೆ ಕೆಲಸ ಕಡಿಮಿ ಕೊಡ್ರಿ, ಅಂಗೈಗೆ ಹೆಚ್ಚು ಕೊಡ್ರಿ.” ಪೆನ್ಸಿಲ್ಲು ದಪ್ಪಗಾದದ್ದು, ಅದು ಅಂಕಿ ಬರೆಯತೊಡಗಿದ್ದು ಅಂದಿನಿಂದಲೇ. ಮೊದಲ ಅಂಕಿ ಎಂಬತ್ತು.

ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಬ್ಯಾಡಗಿಯ ರಸ್ತೆಯ ಕಡೆ ಹೋಗುತ್ತಿತ್ತು. ಆ ರಸ್ತೆಯ ಕೊನೆಗೆ ನನ್ನ ಶಾಂತಕ್ಕನ ಮನೆ. ಮೆಣಸಿನಕಾಯಿ ವ್ಯಾಪಾರದ ಮನೆಗೆ ಸೊಸೆಯಾಗಿ ಹೋಗಿ, ಮೂವತ್ತು ವರ್ಷ ಕಾಯಿಯ ತೊಟ್ಟು ಬಿಡಿಸುತ್ತ, ಸೀನುತ್ತ, ನಗುತ್ತ ಬಾಳಿದವಳು. ನನಗಿಂತ ಎರಡು ವರ್ಷ ಮೊದಲೇ ಇದೇ ಬೇನೆ ಅವಳ ಕೈಗೆ ಬಂದಿತ್ತು. ಗುಳಿಗೆ ನುಂಗುತ್ತಿದ್ದಳು, ಬೇರೆ ಯಾವ ಮಾತಿಗೂ ಒಪ್ಪುತ್ತಿರಲಿಲ್ಲ. ಯಾರಾದರೂ ಬಂದರೆ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂಡುತ್ತಿದ್ದಳು. ಅವಳ ಬೆರಳುಗಳು ಒಂದು ಮಗ್ಗುಲಿಗೆ ವಾಲತೊಡಗಿವೆ ಎಂದು ನಾನು ಹೇಳಿದಾಗ ಮೇಡಂ ಮುಖ ಗಂಭೀರವಾಯಿತು. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವ ಮಾತು ಕೊಡಲಾರೆ, ಇನ್ನೂ ಆಡುವುದನ್ನು ಉಳಿಸಿಕೊಳ್ಳಬಹುದು, ಆದರೆ ತಡಮಾಡಬೇಡಿ ಎಂದಳು. ನಾನು ವಾರವಾರವೂ ಅಕ್ಕನನ್ನು ಕರೆದೆ. ಕೊನೆಗೆ ಅವಳು ಬೇಸತ್ತು ಒಂದು ಷರತ್ತು ಹಾಕಿದಳು.

“ನೀ ಒಂದ ರೊಟ್ಟಿ ಬಡದು ತಂದು ತೋರಸು ನೀಲಾ. ಆಮ್ಯಾಲ ನಾ ಬರೂದು ನೋಡೂಣು.”

ಜೋಳದ ರೊಟ್ಟಿ. ನಾನು ಅದನ್ನು ಬಿಟ್ಟು ವರ್ಷವಾಗಿತ್ತು. ಬಡಿಯಬಹುದೇ ಎಂದು ಮೇಡಂ ಅನ್ನು ಕೇಳಿದರೆ, ಎಂಟು ವಾರ ತಡೆಯಿರಿ ಎಂದಳು. ತಡೆದೆ. ಎಂಬತ್ತು ಅರವತ್ತಾಯಿತು, ಮಳೆ ಹಿಡಿದ ವಾರ ಮತ್ತೆ ಎಪ್ಪತ್ತಕ್ಕೇರಿ ಅಳು ತರಿಸಿತು, ಆಮೇಲೆ ಇಳಿದು ಇಪ್ಪತ್ತೈದರಲ್ಲಿ ನಿಂತಿತು. ಹೋದ ತಿಂಗಳ ಒಂದು ಭಾನುವಾರ ಎಸರು ಕುದಿಸಿ, ಹಿಟ್ಟು ಕಲಸಿ, ಬೆರಳನ್ನು ಮೇಲೆತ್ತಿಕೊಂಡು ಬರೀ ಅಂಗೈಯಿಂದ ಬಡಿದೆ. ನಡುನಡುವೆ ನಿಂತು ಉಸಿರು ಬಿಟ್ಟು ಮತ್ತೆ ಬಡಿದೆ. ಒಂದು ರೊಟ್ಟಿಗೆ ಕಾಲು ತಾಸು. ಅದು ಹಂಚಿನ ಮೇಲೆ ಉಬ್ಬಿದಾಗ ನಾನು ಮನೆಯವರನ್ನೆಲ್ಲ ಕೂಗಿ ಕರೆದೆ, ತೊಟ್ಟಿಲ ಕೂಸು ಮೊದಲ ಸಲ ಮಗ್ಗುಲಾದಂತೆ. ಬಟ್ಟೆಯಲ್ಲಿ ಸುತ್ತಿಕೊಂಡು ಬ್ಯಾಡಗಿಗೆ ಹೋದೆ; ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಅದರ ಬಿಸಿ.

ಅಕ್ಕ ರೊಟ್ಟಿಯನ್ನು ಎರಡು ಅಂಗೈಗಳ ನಡುವೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನಮ್ಮ ಕಡೆ ರೊಟ್ಟಿಗೆ ಬಡಿದವಳ ಗುರುತು ಇರುತ್ತದೆ. ಬುಟ್ಟಿಯ ರಾಶಿಯಿಂದ ಯಾವುದನ್ನೇ ಎಳೆದರೂ ಇದು ಶಾಂತಾಳದು, ಇದು ನೀಲಾಳದು ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ರೊಟ್ಟಿಯ ಅಂಚಿಗೆ ಬೆರಳ ತುದಿಯ ಸಣ್ಣ ಸಣ್ಣ ಅಲೆಗಳಿರುತ್ತಿದ್ದವು. ಅಕ್ಕ ಆ ಅಲೆಗಳನ್ನು ಹುಡುಕಿದಳು, ಸಿಗಲಿಲ್ಲ.

“ಇದು ನಿನ್ನ ಕೈ ರೊಟ್ಟಿ ಅಲ್ಲ ಬಿಡು. ಮಷಿನ್ ರೊಟ್ಟಿ ತಂದು ನನಗ ತೋರಸಾಕತ್ತೀಯೇನು?”

ಎಂಟು ವಾರ ಬೆರಳನ್ನು ಕಾಪಾಡಿದ್ದಕ್ಕೆ ಸಿಕ್ಕ ಬಹುಮಾನ ಇದು. ಸಿಟ್ಟೂ ಬಂತು, ನಗುವೂ ಬಂತು. ಅವಳ ಸೊಸೆಗೆ ಎಸರಿಡಲು ಹೇಳಿ, ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು, ಅಕ್ಕನನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿ, ಅಡುಗೆಕಟ್ಟೆಯ ಕಲ್ಲಿನ ಮೇಲೆ ಬಡಿಯತೊಡಗಿದೆ. ತಪ್, ಎಂದು ಒಂದು. ಸ್ವಲ್ಪ ತಡೆದು ಇನ್ನೊಂದು. ಒಂದು ಕಾಲಕ್ಕೆ ನಮ್ಮಿಬ್ಬರ ಬಡಿತ ಗೋಡೆಯಾಚೆಯ ಮನೆಗೂ ಕೇಳುತ್ತಿತ್ತು. ಈಗಿನದು ಮುದುಕಿಯೊಬ್ಬಳು ಮೆಟ್ಟಿಲು ಹತ್ತುವ ಸದ್ದು. ಆದರೆ, ಗೆಳೆಯರೇ, ಅದೂ ಹತ್ತುವ ಸದ್ದೇ. ಕಳೆದುಹೋದ ಕೈ ಮರಳಿ ಬರಲೆಂದು ನಾನು ಕಾಯುತ್ತಿದ್ದೆ. ಅಂದು ಆ ಕಲ್ಲಿನ ಮುಂದೆ ನಿಂತಾಗ, ನನಗೆ ಸಿಕ್ಕಿರುವುದು ಹೊಸದೊಂದು ಕೈ, ಅದರ ಗುರುತು ಇನ್ನೂ ಯಾರಿಗೂ ಇಲ್ಲ, ನನಗೂ ಇಲ್ಲ ಎಂದು ಹೊಳೆಯಿತು.

ತಲೆ ಎತ್ತಿ ನೋಡಿದರೆ ಅಕ್ಕನ ಕೈಗಳು ಸೆರಗಿನಿಂದ ಹೊರಗೆ ಬಂದಿದ್ದವು. ಬಲ ಅಂಗೈ ಅವಳ ತೊಡೆಯ ಮೇಲೆ, ನನ್ನದೇ ನಿಧಾನದಲ್ಲಿ, ಸದ್ದಿಲ್ಲದೆ ತಟ್ಟುತ್ತಿತ್ತು. ನಾನು ನೋಡಿದ್ದನ್ನು ಅವಳು ನೋಡಲಿಲ್ಲ. ರೊಟ್ಟಿಯ ಒಂದು ಮಗ್ಗುಲು ಎತ್ತುವಾಗ ಹರಿಯಿತು, ತೇಪೆ ಹಚ್ಚಿದೆ.

“ಹಂಚು ಕಾದೈತಿ, ಲಗೂ ಹಾಕು,” ಎಂದಳು ಅಕ್ಕ. ರೊಟ್ಟಿ ಉಬ್ಬಿದ ಮೇಲೆ, ನನ್ನ ಮುಖ ನೋಡದೆ ಕೇಳಿದಳು: “ಗುರುವಾರದ ಬಸ್ಸು ಮೋಟೆಬೆನ್ನೂರಿಗೆ ಎಷ್ಟಕ್ಕ ಬರತೈತಿ?”

ಆ ಗುರುವಾರ ಅವಳು ಅಲ್ಲಿ ಬಸ್ಸು ಹತ್ತಿದಳು, ನಾನು ಹಿಡಿದಿಟ್ಟ ಜಾಗದಲ್ಲಿ ಕೂತಳು. ಅವಳ ಮುಷ್ಟಿ ಇನ್ನು ಪೂರ್ತಿ ಮಡಿಯುವುದು ಕಷ್ಟ. ಆದ್ದರಿಂದ ಚಹಾದ ಲೋಟವನ್ನು ತಾನೇ ಎತ್ತಿ ಕುಡಿಯುವ ತನಕ ಹಿಡಿಯುವ ನಿಮಿಷಗಳನ್ನು ಎಣಿಸಿರಿ ಎಂದು ಮೇಡಂ ಹೇಳಿದ್ದಾಳೆ. ಮೊದಲ ದಿನ ಅದು ತೊಂಬತ್ತು. ಈಗ ಬೆಳಿಗ್ಗೆ ನಮ್ಮ ಮನೆಯ ಫೋನು ಒಂದು ಅಂಕಿ ಹೇಳಲಿಕ್ಕೆಂದೇ ರಿಂಗಣಿಸುತ್ತದೆ.

“ಎಂಬತ್ತೈದು,” ಎಂದಳು ಅಕ್ಕ ಇವತ್ತು. “ದಪ್ಪಗ ಬರಿ. ನನಗ ಬ್ಯಾಡಗಿಯಿಂದ ಕಾಣಬೇಕು.”

ದಪ್ಪ ಪೆನ್ಸಿಲ್ಲನ್ನು ಅಂಗೈ ತುಂಬ ಹಿಡಿದು ನನ್ನ ಇಪ್ಪತ್ತೆರಡರ ಪಕ್ಕದಲ್ಲಿ ಬರೆದೆ. ಒಬ್ಬರಿಗೆಂದು ಮಾಡಿದ ಚೌಕ ಅದು, ಇಬ್ಬರಿಗೆ ಸಾಲಲಿಲ್ಲ. ಅಕ್ಕನ ಎಂಬತ್ತೈದರ ಐದು ಚೌಕದ ಗೆರೆ ದಾಟಿ ನಾಳೆಯ ತಾರೀಖಿನೊಳಕ್ಕೆ ಕಾಲು ಚಾಚಿತು.